ಕಾರಣದ ಕಾಲಂ

ಹೊನ್ನಾವರದ ಮೀನಿನ ಫ್ಯಾಕ್ಟರಿಗೆ ಎಚ್‌ಆರ್ ಆಗಿ ಸೇರಿದ ವಂದನಾ ಮೊದಲ ವಾರ ಕೂತು ಹಳೆಯ ರಜಾ ಅರ್ಜಿಗಳನ್ನೆಲ್ಲ ಓದಿದಳು. ವರ್ಷವಿಡೀ ಎಲ್ಲರದೂ ಒಂದೇ ಕಾರಣ: ಜ್ವರ. ಮೀನು ಕೊಯ್ಯುವ ತಿಮ್ಮಿಗೆ ಮಗಳ ಮದುವೆಯ ವಾರವೇ ಜ್ವರ. ಐಸ್ ವಿಭಾಗದ ಮಾಸ್ತಿಗಂತೂ ಪಕ್ಕದ ಕರ್ಕಿಯಲ್ಲಿ ಆಟವಿದ್ದಾಗಲೆಲ್ಲ ತಪ್ಪದೆ ಜ್ವರ. ಅವನು ಆ ಯಕ್ಷಗಾನದ ಆಟಗಳಲ್ಲಿ ರಕ್ಕಸನ ವೇಷ ಕಟ್ಟುತ್ತಾನೆಂದು ಊರಿಗೇ ಗೊತ್ತಿತ್ತು.

“ಬೇರೆ ಎಂತ ಬರೆದ್ರೂ ನಾ ರಜೆ ಕೊಡೂದಿಲ್ಲ,” ಎಂದರು ಮ್ಯಾನೇಜರ್ ಶಾಂತಾರಾಮ, ಅದನ್ನೇ ಶಿಸ್ತು ಎಂದುಕೊಂಡವರಂತೆ.

ವಂದನಾಗೆ ಸಿಟ್ಟು ಬಂತು. ಇಷ್ಟು ಜನರಿಗೆ ಸುಳ್ಳು ಕಲಿಸಿದ್ದು ಅರ್ಜಿಯಲ್ಲಿ ಕಾರಣ ಕೇಳುವ ಆ ಒಂದು ಕಾಲಂ. ಹೊಸ ಅರ್ಜಿ ಅಚ್ಚು ಹಾಕಿಸುವಾಗ ಅವಳು ಅದನ್ನು ತೆಗೆಸಿಯೇ ಬಿಟ್ಟಳು. ಇನ್ನು ಫ್ಯಾಕ್ಟರಿಗೆ ಬೀಗ ಹಾಕಬೇಕಾದೀತು ಎಂದು ಶಾಂತಾರಾಮ ಗೊಣಗಿದರು.

ರಜೆಗಳು ಹೆಚ್ಚಲಿಲ್ಲ. ಆದರೆ ಈಗ ಯಾರೂ ಕೇಳದಿದ್ದರೂ ಜನ ಅವಳ ಮೇಜಿನ ಮುಂದೆ ನಿಂತು ಕಾರಣ ಹೇಳತೊಡಗಿದರು. ಮಾಸ್ತಿ ಹದಿನೈದು ದಿನ ಮೊದಲೇ ಬಂದು ಆಟದ ತಾರೀಕು ತಿಳಿಸಿದ. ಅವನ ಪಾಳಿಗೆ ಬೇರೆಯವರನ್ನು ಹಾಕುವುದು ಸುಲಭವಾಯಿತು.

ಜನವರಿಯ ಒಂದು ಬೆಳಿಗ್ಗೆ ಅದೇ ಮಾಸ್ತಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದು ಅರ್ಜಿ ಮುಂದಿಟ್ಟ. ಕಣ್ಣುಗಳು ಕೆಂಪಾಗಿದ್ದವು. ಕಾರಣ ಮಾತ್ರ ಹೇಳಲಿಲ್ಲ.

“ಎಂತ ಆತು ಮಾಸ್ತಿ?”

“ಹೇಳೂಕೆ ನಾಚ್ಕೆ ಆಗ್ತದೆ ಮೇಡಂ,” ಎಂದ ಅವನು, ನಡುಗುತ್ತ ಕುರ್ಚಿ ಹಿಡಿದುಕೊಂಡು. “ಈ ಸಲ ಖರೇನೇ ಜ್ವರ.”