ಬದುಕಿದ ಇಲಿಗಳು

"ಸಾಯ್‌ಪಿನ್, ಏಳು ಮಗಳೇ, ಉಣ್ಣು," ಎಂದು ಬುವಾ ಶವಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, ಅಂಟು ಅನ್ನ, ಹುರಿದ ಮೀನಿನ ತಟ್ಟೆಯನ್ನು ಪಕ್ಕದಲ್ಲಿಟ್ಟಳು. ಸತ್ತವರನ್ನು ಹೀಗೆ ತಟ್ಟಿ ಕರೆಯದೆ ಬಡಿಸುವುದುಂಟೇ? ಹೊತ್ತುಹೊತ್ತಿಗೆ ತಟ್ಟಿ ಅವಳ ಬೆರಳಿನ ಗೆಣ್ಣು ಕೆಂಪಾಗಿತ್ತು. ಮಧ್ಯಾಹ್ನ ದಹನ, ಇದೇ ಕೊನೆಯ ಊಟ.

"ಅತ್ತಿಗೆ, ನೀನೂ ಒಂದು ತುತ್ತು ತಿನ್ನು," ಎಂದಳು ನಾದಿನಿ ಕಂಪನ್. ಬಾಯಿ ಸುಮ್ಮನಿರದ ಹೆಂಗಸು. "ಅಷ್ಟೊಂದು ಇಲಿ ಕೊಂದಿದ್ದಾಳೆ ನಿನ್ನ ಮಗಳು. ಸೇಡಿಗೆ ಪರಲೋಕದ ಬಾಗಿಲಲ್ಲೇ ಕಾಯ್ತಿರ್ತಾವೆ. ಭಿಕ್ಷುಗಳಿಗೆ ಹೇಳಿ ಇನ್ನೊಂದ್ಸಲ ಮಂತ್ರ ಹೇಳಿಸು."

"ಸುಮ್ನಿರೇ," ಎಂದಳು ಬುವಾ. ಆದರೆ ಅದೇ ಹೆದರಿಕೆ ಎಷ್ಟೋ ವರ್ಷದಿಂದ ಅವಳ ಎದೆಯಲ್ಲೂ ಕೂತಿತ್ತು.

*

ಸಾಯ್‌ಪಿನ್‌ಳ ತಮ್ಮ ತೋನ್ ಚಿಕ್ಕಂದಿನಲ್ಲೇ, ಗದ್ದೆಯ ಸೊಳ್ಳೆ ಕಚ್ಚಿ, ಮಿದುಳು ಜ್ವರದಲ್ಲಿ ಹೋದ. ಮುಂದೆ ಅವಳು ಪ್ರಯೋಗಶಾಲೆ ಸೇರಿದಳು. ಬೇರೆ ಕಾಯಿಲೆಗೆಂದು ಅಂಗಡಿಯಲ್ಲಿ ಸಿಗುವ ಹಳೇ ಮಾತ್ರೆಯೊಂದನ್ನು, ಅದೇ ಜ್ವರ ತಗುಲಿಸಿದ ಇಲಿಗಳಿಗೆ ಕೊಟ್ಟು ನೋಡುವುದು ಅವಳ ಕೆಲಸ. ಹಬ್ಬಕ್ಕೆ ಬಂದರೂ ಸುಸ್ತಾಗಿ ಮಲಗಿಬಿಡುತ್ತಿದ್ದಳು.

"ಇಲಿ ಕೊಲ್ಲೋದು ಪಾಪ ಅಲ್ವೇನೇ?" ಎಂದು ಬುವಾ ಒಮ್ಮೆ ಕೇಳಿದ್ದಳು.

"ಪಾಪಾನೇ ಅಮ್ಮ. ಹೊಸ ಔಷಧಿ ಹುಡುಕೋಷ್ಟರಲ್ಲಿ ನಮ್ಮ ಕಾಲ ಮುಗಿಯುತ್ತೆ. ಈ ಹಳೇ ಮಾತ್ರೆ ಹಿಡಿದ್ರೆ ಬೇಗ ಮಕ್ಕಳಿಗೆ ಸಿಗುತ್ತೆ. ಪಾಪ ನಾನೇ ಹೊರ್ತೀನಿ ಬಿಡು."

*

ಪ್ರಯೋಗಶಾಲೆಯಲ್ಲಿ ಮಗಳ ಜೊತೆ ಕೆಲಸ ಮಾಡುತ್ತಿದ್ದ ಓರಥೈ, ಚಿತೆಗಿಡಲು ಗಂಧದ ಚಕ್ಕೆಯಲ್ಲಿ ಮಾಡಿದ ಹೂ ಹಿಡಿದು ಬಂದಳು. ಬುವಾ ಅವಳನ್ನು ಮರೆಗೆ ಕರೆದಳು.

"ನಿಜ ಹೇಳವ್ವ. ಮಾತ್ರೆ ಹಿಡೀತಾ?"

"ಬೇಗ ಕೊಟ್ರೆ ಹಿಡೀತು ಅಮ್ಮ. ಜ್ವರ ತಲೆಗೇರಿದ ಮೇಲೆ ಕೊಟ್ರೆ ಇಲ್ಲ. ಮಕ್ಕಳಿಗೆ ಕೊಟ್ಟು ನೋಡೋದು ಇನ್ನೂ ದೂರ ಇದೆ."

"ಹಾಗಾದ್ರೆ ಕೆಲವು ಬದುಕಿದ್ವು." ಬುವಾಳ ಮುಖ ಸ್ವಲ್ಪ ಸಡಿಲಾಯಿತು. "ಅವನ್ನ ಎಲ್ಲಿ ಬಿಟ್ರಿ?"

ಓರಥೈ ಕೈಯಲ್ಲಿದ್ದ ಹೂವನ್ನು ನೋಡಿದಳು.

"ಬಿಡೋ ಹಾಗಿಲ್ಲ ಅಮ್ಮ. ಒಳಗೆ ರೋಗ ಉಳಿದಿದೆಯಾ ಅಂತ ಮಿದುಳು ತೆಗೆದು ನೋಡ್ಬೇಕು."

"ಬದುಕಿದವನ್ನೂ?"

"ಹೂಂ."

"ಇವಳೇನಾ ಕೊಲ್ತಿದ್ದಿದ್ದು?"

"ಇವಳೇ. ಬೇರೆಯವರ ಕೈಗೆ ಕೊಡ್ತಿರ್ಲಿಲ್ಲ. ಆ ದಿನ ಮಾತ್ರ ಊಟ ಮಾಡ್ತಿರ್ಲಿಲ್ಲ."

ಅಷ್ಟರಲ್ಲಿ ಪೆಟ್ಟಿಗೆ ಎತ್ತುವವರು ಬಂದರು.

"ಸ್ವಲ್ಪ ತಾಳ್ರಪ್ಪ," ಎಂದಳು ಬುವಾ.

ಮಗಳ ತಟ್ಟೆಯಿಂದ ಒಂದು ಚಿಟಿಕೆ ಅನ್ನ ತೆಗೆದು ಬಾಳೆಲೆಯ ಚೂರಿನ ಮೇಲೆ ಹಾಕಿದಳು. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತು, ಅದನ್ನು ಪೆಟ್ಟಿಗೆಯ ಕೆಳಗೆ ನೆಲದ ಮೇಲಿಟ್ಟಳು.

"ಬನ್ನಿ," ಎಂದಳು. "ಅವಳ ಜೊತೆ ಕೂತು ಉಣ್ಣಿ."

ಆಮೇಲೆ ಒಂದೇ ಬೆರಳಿನಿಂದ, ಇಲಿಗಳು ಬೆದರದ ಹಾಗೆ, ನೆಲ ತಟ್ಟಿದಳು.