ಪ್ರಸಾದದ ಪೇಢೆ, ಮಾವನವರ ಕಾಲು

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಬೀಗ ಇತ್ತು. ನಮ್ಮ ಮಾವ ವಿಶ್ವನಾಥಪ್ಪನವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಬೀಗ ಹಾಕಿದವರು ನನ್ನ ಯಜಮಾನರು ಮಲ್ಲಿನಾಥ. ಕೀಲಿ ನನ್ನ ಹತ್ತಿರ. ಇಷ್ಟೆಲ್ಲ ಮಾಡಿದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಮುನ್ನೂರರ ಕೆಳಗೆ ಇಳಿಯುತ್ತಿರಲಿಲ್ಲ. ಗುಳಿಗೆಯೇ ಸರಿಯಿಲ್ಲ ಎಂದು ಪಾಪ, ಬರೆದುಕೊಟ್ಟ ಡಾಕ್ಟರನ್ನು ಬೈದುಕೊಂಡೆವು.

ನಾನು ಭುವನೇಶ್ವರಿ. ನಮ್ಮದು ಕಲಬುರಗಿ ಕಡೆಯ ಮನೆತನ. ನಾಶಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ ಎಂಟು ಕೋಣೆಗಳ ಸಣ್ಣ ಲಾಡ್ಜು ಇದೆ. ನಮ್ಮ ಕಡೆಯ ಯಾತ್ರಿಕರು ಬಂದು ಇಳಿಯುತ್ತಾರೆ. ಪೂಜೆ ಮುಗಿಸಿ ಊರಿಗೆ ಹೊರಡುವಾಗ ಮಾವನವರ ಕೈಯಲ್ಲಿ ಎರಡು ಪೇಢೆ ಇಟ್ಟು, ಕಾಲಿಗೆ ನಮಸ್ಕರಿಸಿ ಹೋಗುತ್ತಾರೆ. ಹಿರಿಯರು, ನಮ್ಮ ಕಡೆಯವರು ಎಂಬ ಪ್ರೀತಿ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮೃದುಲಾ ಅಕ್ಕ ಅಕ್ಕಲಕೋಟೆಯವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಒಂದು ದಿನ ಕೌಂಟರಿನ ಮುಂದೆ ನಿಂತು ನೇರವಾಗಿಯೇ ಕೇಳಿದರು.

"ಕಾಕಾ, ಖರೇ ಹೇಳ್ರಿ. ಸಿಹಿ ಏನರ ತಿನ್ಲತ್ತೀರೇನು?"

"ಛೇ ಛೇ! ಚಹಾಕ್ಕ ಸುದ್ದಾ ಸಕ್ಕರಿ ಹಾಕ್ಕೊಳ್ಳಂಗಿಲ್ಲವ್ವ. ಬೇಕಾದ್ರ ನಮ್ಮ ಸೊಸಿಗಿ ಕೇಳು."

"ಮತ್ತ ಕೈಯಾಗಿನ ಈ ಪೇಢೆ?"

"ಅದು ಪ್ರಸಾದ! ಪ್ರಸಾದಕ್ಕ ಬ್ಯಾಡ ಅನ್ನಲಿಕ್ಕ ಆಗ್ತದೇನು?"

"ದಿನಾ ಎಷ್ಟು ಮಂದಿ ಕೊಡ್ತಾರ್ರಿ?"

"ಏಳೆಂಟು ಮಂದಿ ಕೊಡ್ತಾರ."

"ಅಂದ್ರ ದಿನಕ್ಕ ಹದಿನೈದು ಪೇಢೆ ಆತು. ದೇವರದೇ ಇರ್ಲಿ ಕಾಕಾ, ಹೊಟ್ಟಿಗಿ ಹೋದ ಮ್ಯಾಲ ಅದು ಸಕ್ಕರಿನೇ. ಕಣ್ಣಿಗಿ ಒತ್ತಿಕೊಂಡು ಸಾಸಿವಿಯಷ್ಟು ಬಾಯಾಗ ಹಾಕ್ಕೊಳ್ರಿ. ಉಳಿದದ್ದು ಹಂಚಿಬಿಡ್ರಿ."

ಮಾವನವರಿಗೆ ಸಿಟ್ಟು ಬಂತು. "ನಿನ್ನ ಸೂಜಿ ನೀ ಹಿಡ್ಕೋ, ನನ್ನ ದೇವರ ಸುದ್ದಿ ಬ್ಯಾಡ" ಎಂದು ಎದ್ದು ಒಳಗೆ ಹೋದರು.

ಆ ತಿಂಗಳ ಕೊನೆಯಲ್ಲಿ ಗಿರಾಕಿಗಳೇ ಇರಲಿಲ್ಲ. ನಾಲ್ಕು ದಿನ ಎಂಟೂ ಕೋಣೆ ಖಾಲಿ. ಆದರೂ ಕೌಂಟರಿನ ಡ್ರಾಯರಿನಲ್ಲಿ ಅರ್ಧ ಕೆಜಿ ಪೇಢೆಯ ಪೆಟ್ಟಿಗೆ ಸಿಕ್ಕಿತು! ಓಣಿಯಲ್ಲಿ ಕೊಂಡರೆ ಜನ ನೋಡುತ್ತಾರೆಂದು, ಜೀಪು ಓಡಿಸುವ ಭುಜಂಗನಿಗೆ ಹೇಳಿ ನಾಶಿಕದಿಂದ ತರಿಸಿಕೊಂಡಿದ್ದರು. ಪ್ರಸಾದವೂ ಇಲ್ಲ, ದೇವರೂ ಇಲ್ಲ. ಬರೀ ಚಟ.

"ಏನ್ರಿ ಮಾವಾರ ಇದು?" ಎಂದೆ. ಮೊದಲು ನನ್ನ ಮೇಲೆ ರೇಗಿದರು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡರು.

"ಭುವನಾ, ಕೈ ಮುಗೀತೀನಿ, ಮಲ್ಲಿನಾಥಗ ಹೇಳಬ್ಯಾಡ. ತಿನ್ನದಿದ್ರ ತಲಿ ಸಿಡೀತದ. ಯಾವ ಕೆಲಸದಾಗೂ ಮನಸ್ಸು ನಿಲ್ಲಂಗಿಲ್ಲ. ಬಿಡಬೇಕಂತ ಎಷ್ಟೋ ಸಲ ಆಣಿ ಮಾಡೀನಿ, ಆಗವಲ್ದು."

ಅಪ್ಪನ ಸಮಾನರಾದವರು ಕೈ ಮುಗಿದರೆ ಯಾವ ಸೊಸೆಗೆ ತಡೆಯುತ್ತದೆ ಹೇಳಿ? ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಪೇಢೆ ತಿಂದ ದಿನ ಮಾವನವರು ಬೈಯುತ್ತಿರಲಿಲ್ಲ, ಮನೆ ತಣ್ಣಗಿರುತ್ತಿತ್ತು. ಹಾಗಾಗಿ ಪೆಟ್ಟಿಗೆಯ ಮೇಲೆ ಟವೆಲು ಮುಚ್ಚಿಟ್ಟವಳು ನಾನೇ.

ಶ್ರಾವಣ ಬಂತು. ಊರಿನ ತುಂಬ ಜನ. ಹುಮನಾಬಾದಿನ ರುಕ್ಮಿಣಿಬಾಯಿ ಎಂಬ ಹೆಂಗಸು ಎಂದಿನಂತೆ ಮಾವನವರ ಕಾಲಿಗೆ ಬಗ್ಗಿದವರು ಹಾಗೇ ಮೂಗು ಮುಚ್ಚಿಕೊಂಡರು.

"ಅಯ್ಯ! ಅಜ್ಜಾರ, ನಿಮ್ಮ ಕಾಲಿಂದ ಕೀವು ಸೋರ್ಲತ್ತದಲ್ರಿ! ನೋವಾಗಂಗಿಲ್ಲೇನು?"

ನೋವೇ ಇರಲಿಲ್ಲ. ಚಪ್ಪಲಿಯಲ್ಲಿ ಮೊಳೆಯೊಂದು ಎದ್ದು ಹೆಬ್ಬೆರಳಿನ ಬುಡಕ್ಕೆ ಚುಚ್ಚಿಕೊಂಡಿತ್ತು. ಎಷ್ಟು ದಿನದಿಂದಲೋ ಯಾರಿಗೆ ಗೊತ್ತು! ಬೆರಳು ಕಪ್ಪಾಗಿತ್ತು. ಪೇಢೆ ತಂದ ಅದೇ ಜೀಪಿನಲ್ಲಿ ನಾಶಿಕದ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಎರಡು ಬೆರಳು ತೆಗೆದರು. ಸಕ್ಕರೆ ಹತೋಟಿಗೆ ಬಂದರೆ ಪಾದ ಉಳಿಯಬಹುದು, ಬರದಿದ್ದರೆ ಹೇಳಲಾಗದು ಎಂದರು.

ವಾರ್ಡಿನಲ್ಲಿ ಮೂರನೆಯ ದಿನ ಮಾವನವರು ಮಗುವಿನಂತೆ ಅತ್ತರು. "ಒಂದೇ ಒಂದು ಪೇಢೆ ತಾ ಭುವನಾ." ನಾನು ತಂದುಕೊಟ್ಟೆ. ಮರುದಿನವೂ ತಂದೆ. ನರ್ಸು ಬೆನ್ನು ತಿರುಗಿಸಿದಾಗ ಬಾಯಿಗೆ ಇಟ್ಟೆ. ಕರುಣೆ ಎಂದುಕೊಂಡೆ, ನನ್ನ ತಲೆಯಲ್ಲಿ ಏನು ತುಂಬಿತ್ತೋ ಕಾಣೆ.

ನಂಜು ಮೇಲೇರಿತು. ಹನ್ನೊಂದನೆಯ ದಿನ ಮೊಣಕಾಲಿನ ಕೆಳಗೆ ಬಲಗಾಲನ್ನು ಕತ್ತರಿಸಿದರು.

ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ಮಲ್ಲಿನಾಥರಿಗೂ ಡಾಕ್ಟರಿಗೂ ಎಲ್ಲವನ್ನೂ ಹೇಳಿಬಿಟ್ಟೆ. ಮಲ್ಲಿನಾಥರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಡಾಕ್ಟರು ಮಾತ್ರ, "ಎರಡು ಪೇಢೆಯಿಂದ ಕಾಲು ಹೋಗುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿ ಕಾಲಿನ ನರ, ರಕ್ತನಾಳ ಎರಡೂ ಕೆಟ್ಟಿವೆ. ಆದರೆ ಆಗಲೇ ಹೇಳಿದ್ದರೆ ಇನ್ಸುಲಿನ್ ಪ್ರಮಾಣ ಬೇರೆ ಇರುತ್ತಿತ್ತು" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಮನೆಗೆ ಬಂದ ಮೇಲೆ ಮೃದುಲಾ ಅಕ್ಕ ನೋಡಲು ಬಂದರು. ಮಾವನವರು ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಕಾಲೇ ಹೋತು. ಇನ್ನ ಬಿಟ್ಟು ಏನು ಮಾಡೂದದವ್ವ? ತಿಂದು ಸಾಯ್ತೀನಿ."

"ಇನ್ನೊಂದು ಕಾಲು ಅದಲ್ರಿ ಕಾಕಾ. ಎರಡು ಕಣ್ಣು ಅವ. ಕಿಡ್ನಿ ಅವ. ಸಕ್ಕರಿ ಅವನ್ನೂ ಬಿಡಂಗಿಲ್ಲ."

ಮಾವನವರು ನಿಧಾನಕ್ಕೆ ತಿರುಗಿದರು. "ಬಿಡಬೇಕಂದ್ರೂ ಆಗವಲ್ದಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿದರು.

"ಒಬ್ಬರೇ ಬಿಡಲಿಕ್ಕ ಹೋಗಿದ್ರಿ, ಅದಕ್ಕ ಆಗಲಿಲ್ಲ. ಸಿಹಿ ತಿಂದಾಗೆಲ್ಲ ತಲಿಗಿ ಒಂದೀಟು ಖುಷಿ ಆಗ್ತದ, ಮತ್ತ ಬೇಕು ಬೇಕು ಅಂತದ. ತಿನ್ನೂ ಆಸಿ ಹುಟ್ಟಿದಾಗ ಕಾಲು ತಾಸು ತಡೀರಿ. ಒಂದು ಲೋಟ ಮಜ್ಜಿಗಿ ಕುಡೀರಿ, ಒಂದು ಮುಷ್ಟಿ ಪುಠಾಣಿ ಕಡಲಿ ತಿನ್ರಿ, ಯಾರ ಜೋಡಿಯರ ಮಾತಾಡ್ರಿ. ಅಷ್ಟರಾಗ ಅದು ಇಳೀತದ. ಮನ್ಯಾಗ ಎಲ್ಲಾರೂ ಕೂಡಿ ಬಿಡಬೇಕು. ಬೀಗ ಹಾಕಿದ್ರ ಕದ್ದು ತಿನ್ನೂದು ಹೆಚ್ಚಾಗ್ತದ, ಅಷ್ಟೇ."

ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ನೆನಪಿರ್ಲಿ. ಗುಳಿಗಿ, ಇನ್ಸುಲಿನ್ ಡಾಕ್ಟರಿಗಿ ಕೇಳದೆ ಕಡಿಮಿ ಹೆಚ್ಚು ಮಾಡಬ್ಯಾಡ. ಮೈ ಬೆವತು ಕೈ ನಡುಗಿದ್ರ ಕೂಡಲೇ ಟೆಸ್ಟ್ ಮಾಡು. ಸಕ್ಕರಿ ತೀರಾ ಕಡಿಮಿ ಆಗಿದ್ರ ಆವಾಗ ಮಾತ್ರ ಸಿಹಿ ಕೊಡಲೇಬೇಕು" ಎಂದರು.

ಬೀಗ ತೆಗೆದೆವು. ಡಬ್ಬಿಯನ್ನೂ ಬರಬರುತ್ತ ಖಾಲಿ ಮಾಡಿ, ಸಕ್ಕರೆ ತೀರಾ ಇಳಿದ ಹೊತ್ತಿಗೆಂದು ಒಂದು ಪೊಟ್ಟಣ ಮಾತ್ರ ಇಟ್ಟುಕೊಂಡೆವು. ಮಲ್ಲಿನಾಥರು, ನಾನು, ಮಗಳು ವೈಷ್ಣವಿ ಮೂವರೂ ಚಹಾದ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚ ಇಳಿಸುತ್ತ ಬಂದೆವು. ಮೊದಲ ಹತ್ತು ದಿನ ಮನೆಯಲ್ಲಿ ಎಲ್ಲರಿಗೂ ತಲೆನೋವು, ಎಲ್ಲರಿಗೂ ಸಿಟ್ಟು! ಯಾತ್ರಿಕರು ಕೊಡುವ ಪೇಢೆಯನ್ನು ಅಲ್ಲೇ ಬೇರೆಯವರಿಗೆ ಹಂಚುತ್ತೇವೆ. ಮಾವನವರು ಎರಡು ಸಲ ತಪ್ಪಿದರು, ಆದರೆ ಎರಡೂ ಸಲ ತಾವಾಗಿಯೇ ಬಂದು ಹೇಳಿದರು. ಈಗ ರಕ್ತದ ಸಕ್ಕರೆ ಹತೋಟಿಯಲ್ಲಿದೆ. ಹೋದ ಕಾಲಿನ ಬೆರಳು ತುರಿಸುತ್ತದೆ ಎಂದು ಆಗಾಗ ಹಾಸಿಗೆ ತಡಕುತ್ತಾರೆ. ಅದನ್ನು ನೋಡಲು ನನ್ನಿಂದಾಗುವುದಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಿಹಿಯ ಚಟ ನಾಚಿಕೆಯ ಮಾತಲ್ಲ, ಮುಚ್ಚಿಡುವ ಮಾತೂ ಅಲ್ಲ. ಮನೆಯಲ್ಲಿ ಯಾರಾದರೂ ಕದ್ದು ತಿನ್ನುತ್ತಿದ್ದರೆ ಬೈಯಬೇಡಿ. ಕೈ ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಎಷ್ಟು ತಿಂದಿದ್ದಾರೋ ಅಷ್ಟನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆ ಇದ್ದವರ ಅಂಗಾಲನ್ನು ದಿನಾ ಬೆಳಕಿನಲ್ಲಿ ನೋಡಿ. ನಮ್ಮ ಮಾವನವರ ಕಾಲನ್ನು ಹೊರಗಿನ ಹೆಂಗಸೊಬ್ಬರು ನೋಡಬೇಕಾಯಿತು. ದಿನಾ ಅವರಿಗೆ ಊಟ ಬಡಿಸುತ್ತಿದ್ದವಳು ನಾನು, ಒಮ್ಮೆಯೂ ಬಗ್ಗಿ ನೋಡಲಿಲ್ಲ. ನೀವು ಇವತ್ತೇ ನೋಡಿ.