ಗಜದ ಮೇಲಿನ ಗೀರು

“ಮುಟ್ಟೋದಿಲ್ಲ ಅಂದೆನಲ್ಲ, ಎತ್ತಿಡು ಅದನ್ನ,” ಎಂದು ಆರ್ಡಿತ್ ಬೆಂಚಿನ ಮೇಲಿದ್ದ ಗುಂಡಿನ ಡಬ್ಬಿಯನ್ನು ಮೈದುನನ ಕಡೆಗೆ ತಳ್ಳಿದಳು. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಸೀಸದ ಗುಂಡುಗಳು ಒಂದಕ್ಕೊಂದು ತಾಗಿ ಮಂದವಾಗಿ ಸದ್ದು ಮಾಡಿದವು. ಬೆಳಗಿನಿಂದ ಅಂಥ ನಾಲ್ಕನ್ನು ಹಾರಿಸಿದ್ದಳು. ಒಂದೂ ಗುರಿಯ ಕಾಗದವನ್ನು ತಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಕೊಯ್ದು ಹೊಲಿದಿದ್ದ ಅವಳ ಬಲಭುಜ ಮಾತ್ರ ಉರಿಯುತ್ತಿತ್ತು.

“ಮರ್ಲ್ ಇಪ್ಪತ್ತು ವರ್ಷ ಇದನ್ನೇ ಹಾಕಿದ,” ಎಂದ ಲೈಲ್. “ಅವನ ಕೋವಿ, ಅವನ ಗುಂಡು. ಎಲ್ಕ್ ಅಂದ್ರೆ ಏನು ಮೊಲ ಅಂದ್ಕೊಂಡ್ಯಾ? ಮುನ್ನೂರು ಕಿಲೋ ತೂಗೋ ದೊಡ್ಡ ಜಿಂಕೆ.”

“ನನ್ನ ಗಂಡನ ಭುಜ ನನಗೆ ಬಂದಿಲ್ಲ, ಲೈಲ್. ಕೋವಿ ಮಾತ್ರ ಬಂದಿದೆ.”

ಅಂಗಡಿಯ ಹಿಂಬದಿಯ ಈ ಬಯಲಿನಲ್ಲಿ ಗುರಿಹಲಗೆಗಳನ್ನು ನೆಟ್ಟವನು ಮುದುಕ ಹಾರ್ಲನ್. ಅವನು ತಲೆಕೆಳಗಾದ ಬಕೆಟ್ಟಿನ ಮೇಲೆ ಕುಳಿತು ಕಾಫಿ ಹೀರುತ್ತ ಎರಡೂ ಕಡೆ ನೋಡುತ್ತಿದ್ದ. “ಪ್ಲಾಸ್ಟಿಕ್ ಅಂಗಿ ತೊಟ್ಟ ತಾಮ್ರದ ಗುಂಡಾಗಿದ್ರೆ ಒದೆತ ಕಮ್ಮಿ,” ಎಂದ. “ಆದ್ರೆ ನಳಿಗೆ ಬಾಯಿಂದ ಮದ್ದು-ಗುಂಡು ತುಂಬೋ ಕೋವಿಯವರ ಬೇಟೆಗೆ ನಮ್ಮ ಕಾನೂನು ಅದನ್ನ ಒಪ್ಪಲ್ಲ. ನಾನೇನು ಮಾಡ್ಲಿ?”

ಲೈಲ್ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟ. ಬೇಟೆಯ ಪರವಾನಗಿಯನ್ನು ಹಿಂದಿರುಗಿಸುವ ಅರ್ಜಿ. ಹೆಸರು, ವಿಳಾಸ ಎಲ್ಲವನ್ನೂ ಅವನೇ ದುಂಡಗೆ ತುಂಬಿದ್ದ. “ಒಂದು ಸಹಿ ಹಾಕು ಸಾಕು. ಪರವಾನಗಿಗೆ ಏಳು ವರ್ಷ ಕಾದ ಸರದಿ ಎಲ್ಲೂ ಹೋಗಲ್ಲ. ಭುಜ ನೆಟ್ಟಗಾದ ಮೇಲೆ ಹೋಗುವೆಯಂತೆ.”

“ಇದಕ್ಕಿಂತ ನೆಟ್ಟಗಾಗೋದಿಲ್ಲ ಅಂತ ಡಾಕ್ಟರೇ ಕೈ ತೊಳ್ಕೊಂಡಿದ್ದಾರೆ. ನನಗೆ ಅರವತ್ತಮೂರು. ಈ ಸಲ ಇಲ್ಲ ಅಂದ್ರೆ ಇನ್ನಿಲ್ಲ.”

ಅವಳು ತನ್ನ ಕೋಟಿನಿಂದ ಬೇರೊಂದು ಚಿಕ್ಕ ಡಬ್ಬಿ ತೆಗೆದಳು. ಅವೂ ಸೀಸದವೇ, ಆದರೆ ಗಿಡ್ಡ, ಹಗುರ, ಬುಡ ಟೊಳ್ಳು. ಲೈಲ್ ಒಂದನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕುಬಿಟ್ಟ. “ಇದನ್ನ ತಿಂದು ಎಲ್ಕ್ ಥ್ಯಾಂಕ್ಸ್ ಹೇಳಿ ಹೋಗುತ್ತೆ ಅಷ್ಟೇ. ತಪ್ಪು ಗುಂಡಿನದ್ದಲ್ಲ, ನೀನು ಹಿಡಿಯೋ ರೀತಿಯದ್ದು. ಇಲ್ಲಿ ಕೊಡು, ತೋರಿಸ್ತೀನಿ.”

ಅವನು ಕೋವಿಯನ್ನು ನೆಟ್ಟಗೆ ನಿಲ್ಲಿಸಿಕೊಂಡ. ಯಾವುದೋ ಹಳೆಯ ಸೆಪ್ಟೆಂಬರಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಕಣಿವೆಯಲ್ಲಿ ಕೆಡವಿದ ಗಂಡು ಎಲ್ಕ್‌ನ ಕತೆ ಹೇಳುತ್ತ, ಅದರ ಕೊಂಬಿನ ಅಗಲವನ್ನು ಕೈಚಾಚಿ ತೋರಿಸುತ್ತ, ದಪ್ಪ ಗುಂಡನ್ನು ನಳಿಗೆಯ ಬಾಯಿಗಿಟ್ಟು ಗಜದಿಂದ, ಎಂದರೆ ಗುಂಡು ಜಡಿಯುವ ಕಡ್ಡಿಯಿಂದ, ಒಳಗೆ ತಳ್ಳಿದ. ಆ ಅಲ್ಯೂಮಿನಿಯಂ ಕಡ್ಡಿಯ ಮೇಲೆ ಮರ್ಲ್ ಅರದಿಂದ ಕೊರೆದ ಗೀರೊಂದಿತ್ತು. ಮದ್ದಿನ ಮೇಲೆ ಗುಂಡು ಬಿಗಿಯಾಗಿ ಕೂತಾಗ ಆ ಗೀರು ಸರಿಯಾಗಿ ನಳಿಗೆಯ ಅಂಚಿಗೆ ಬಂದು ನಿಲ್ಲಬೇಕು.

ಗೀರು ಅಂಚಿನಲ್ಲಿ ನಿಲ್ಲಲಿಲ್ಲ. ಎರಡು ಬೆರಳಗಲ ಕೆಳಗಿಳಿದು ಕಣ್ಮರೆಯಾಯಿತು.

ಆರ್ಡಿತ್ ಬೆಂಚಿನತ್ತ ನೋಡಿದಳು. ಅಳೆದಿಟ್ಟ ಮದ್ದಿನ ಹಿತ್ತಾಳೆ ಕೊಳವೆ ಕಾಫಿ ಫ್ಲಾಸ್ಕಿನ ಪಕ್ಕ ತುಂಬಿದ್ದಂತೆಯೇ ನಿಂತಿತ್ತು, ಲೈಲ್ ಅದನ್ನು ನಳಿಗೆಗೆ ಸುರಿದೇ ಇರಲಿಲ್ಲ. ಹಾರ್ಲನ್ ಅದನ್ನು ಕಂಡಿದ್ದ. ತುಟಿಯನ್ನು ಕಾಫಿ ಬಟ್ಟಲಿನಲ್ಲಿ ಬಚ್ಚಿಟ್ಟುಕೊಂಡ. ಲೈಲ್ ಗಜ ಎಳೆದಿಟ್ಟು, ಕೇಪು ಹಾಕಿ, ಕಾಲಗಲಿಸಿ ಗುರಿ ಹಿಡಿದ. “ಹೀಗೆ ಭುಜಕ್ಕೆ ಒತ್ತಿ ಹಿಡಿದ್ರೆ—”

ಟಪ್.

“ಎಲ್ಕ್‌ಗೆ ಏನೂ ಆಗಿಲ್ಲ ಬಿಡಪ್ಪ, ಮೇಯ್ತಾ ಇದೆ,” ಎಂದ ಹಾರ್ಲನ್.

ಲೈಲ್‌ನ ಕಿವಿಯವರೆಗೂ ಕೆಂಪೇರಿತು. ಆರ್ಡಿತ್ ಕೋವಿ ಇಸಿದುಕೊಂಡು, ಹಿಂಬದಿಯ ತಿರುಪು ಬಿಚ್ಚಿ, ನಳಿಗೆಯ ಬಾಯಿಯಿಂದ ಗಜ ತೂರಿಸಿ ಆ ಗುಂಡನ್ನು ಹಿಂದಿನಿಂದ ಹೊರಕ್ಕೆ ತಳ್ಳಿದಳು. ಅದನ್ನು ಲೈಲ್‌ನ ಅಂಗೈಯಲ್ಲಿಟ್ಟಳು. ಆಮೇಲೆ ಅವನು ತಂದ ಅರ್ಜಿಯನ್ನು ಎತ್ತಿಕೊಂಡು ಅರವತ್ತು ಹೆಜ್ಜೆ ನಡೆದು, ಹಲಗೆಯ ಮೇಲಿಟ್ಟು ನಾಲ್ಕು ಮೂಲೆಗೂ ಪಿನ್ನು ಹೊಡೆದಳು.

“ಏಯ್, ಅದು ಸರ್ಕಾರದ ಕಾಗದ!”

“ಓದೋಕೆ ಚೆನ್ನಾಗಿದೆ. ನೀನು ತುಂಬಾ ದುಂಡಗೆ ಬರೆದಿದ್ದೀಯ.”

ತಿರುಪನ್ನು ಬಿಗಿಮಾಡಿ, ಮರ್ಲ್ ಹಾಕುತ್ತಿದ್ದುದರ ಹತ್ತರಲ್ಲಿ ಏಳು ಪಾಲಷ್ಟೇ ಮದ್ದು ಅಳೆದು ಸುರಿದಳು. ಗಿಡ್ಡ ಗುಂಡು ಮೃದುವಾಗಿ ಇಳಿಯಿತು. ಹೊಡೆದಳು. ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ ಮತ್ತೆ ತುಂಬಿದಳು. ಮೂರು ಸಲ ಹೊಗೆ ಎದ್ದು ಸೇಜ್ ಪೊದೆಗಳ ಮೇಲೆ ನಿಧಾನವಾಗಿ ತೇಲಿಹೋಯಿತು. ಮೂರು ಸಲವೂ ಒದೆತಕ್ಕೆ ಹೆದರಿ ಅವಳ ಕಣ್ಣು ಮುಚ್ಚಲಿಲ್ಲ.

ಕಾಗದ ಕಿತ್ತು ತಂದವನು ಹಾರ್ಲನ್. ಮೂರು ತೂತುಗಳನ್ನೂ ಅವನ ಕಾಫಿ ಬಟ್ಟಲು ಮುಚ್ಚುತ್ತಿತ್ತು. ಸಹಿ ಹಾಕಬೇಕಾದ ಗೆರೆಯೇ ಹಾರಿಹೋಗಿತ್ತು.

ಲೈಲ್ ಕಾಗದ ಇಸಿದುಕೊಂಡು ತೂತೊಂದರಲ್ಲಿ ಬೆರಳು ತೂರಿಸಿದ. “ಕಾಗದಕ್ಕೆ ಮೂಳೆ ಇರಲ್ಲ, ಆರ್ಡಿತ್. ಮರ್ಲ್ ನೂರು ಹೆಜ್ಜೆಯಿಂದ ಎಲ್ಕ್‌ನ ಹೆಗಲ ಮೂಳೆ ಒಡೀತಿದ್ದ.”

“ನಾನು ಅರವತ್ತರ ಆಚೆ ಹೊಡೆಯೋದಿಲ್ಲ. ಮೂಳೆಗೂ ಹೊಡೆಯೋದಿಲ್ಲ. ಪಕ್ಕೆ ತೋರಿಸೋವರೆಗೂ ಕೂತಿರ್ತೀನಿ. ತೋರಿಸದಿದ್ರೆ ಬರಿಗೈಲಿ ಮನೆಗೆ ಬರ್ತೀನಿ. ಇಪ್ಪತ್ತಾರು ವರ್ಷ ಈ ರಸ್ತೆಗಳ ಹಿಮ ಬಾಚೋ ಗಾಡಿ ಓಡಿಸಿದೋಳಿಗೆ ಕಾಯೋಕೆ ಬರಲ್ವೇನೋ?”

“ಮರ್ಲ್ ಇದ್ದಿದ್ರೆ ಏನಂತಿದ್ದ ಹೇಳು.”

“ಬೈತಿದ್ದ. ಆಮೇಲೆ ಕಾಫಿ ಬಗ್ಗಿಸಿ ಕೊಡ್ತಿದ್ದ. ನೀನು ಅರ್ಧ ಕೆಲಸ ಮುಗಿಸಿದ್ದೀಯ. ಫ್ಲಾಸ್ಕ್ ತೆಗೀ.”

ಅವನು ತೆಗೆದ.

ಕಾಫಿ ಕುಡಿದು ಮುಗಿಸಿ ಅವಳು ಹಾರ್ಲನ್‌ನಿಂದ ಸಣ್ಣ ಮುಮ್ಮೂಲೆ ಅರ ಕೇಳಿ ಪಡೆದಳು. ಕೇಪಿಲ್ಲದ ಕೋವಿಗೆ ಮತ್ತೊಂದು ಈಡು ತುಂಬಿ, ಗಜ ತಾನಾಗಿ ನಿಂತಲ್ಲಿ ಹೆಬ್ಬೆರಳಿನ ಉಗುರು ಒತ್ತಿ ಹಿಡಿದು ಹೊರಗೆಳೆದು ಬೆಂಚಿನ ಮೇಲೆ ಅಡ್ಡ ಇಟ್ಟಳು. ಅರ ತಾಗಿದಾಗ ಕಡ್ಡಿ ಉರುಳಿತು. ಲೈಲ್ ಬಂದು ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡ. ಬೆಳ್ಳಿಯಂಥ ಪುಡಿ ಅವನ ಬೆರಳುಗಳ ಮೇಲೆ ಉದುರಿತು.

ಅವಳು ಗಜವನ್ನು ಮತ್ತೆ ನಳಿಗೆಗೆ ಇಳಿಬಿಟ್ಟಳು. ಮರ್ಲ್‌ನ ಗೀರು ಅಂಚನ್ನು ದಾಟಿ ಒಂದು ಬೆರಳಗಲ ಒಳಗೆ, ಕತ್ತಲೆಗಿಳಿಯಿತು. ಹೊಸದು ಬಾಯಿಗೆ ಸರಿಸಮವಾಗಿ ನಿಂತು ಬಿಸಿಲಿಗೆ ಹೊಳೆಯಿತು.